ಮೂರನೇ ಕ್ಲಾಸಿನ ಕಾಗದ

ತೇನಿ ಕಲೆಕ್ಟರ್ ಆಫೀಸಿನ ಎದುರು, ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿ ನನ್ನ ಮೇಜು. ಇಪ್ಪತ್ತೇಳು ವರ್ಷದಿಂದ ಅಲ್ಲೇ ಕೂತಿದ್ದೇನೆ. ಜನ ನನ್ನನ್ನು ‘ಮನು ಕಾಳಿಮುತ್ತು’ ಅನ್ನುತ್ತಾರೆ. ಮನು ಅಂದರೆ ತಮಿಳಿನಲ್ಲಿ ಅರ್ಜಿ. ಪಟ್ಟಾ ಬೇಕೆ, ವಿಧವಾ ಪಿಂಚಣಿ ಬೇಕೆ, ಪಕ್ಕದ ಮನೆಯವನು ದಾರಿಗೆ ಬೇಲಿ ಹಾಕಿದನೆ, ಬನ್ನಿ, ಕೂತು ಹೇಳಿ, ಬರೆದುಕೊಡುತ್ತೇನೆ. ಕಂಪ್ಯೂಟರ್ ಅಂಗಡಿಗಳು ಬಂದು ಎಷ್ಟೋ ಮಂದಿ ಮೇಜು ಮಡಿಚಿಕೊಂಡು ಮನೆಗೆ ಹೋದರು. ನಾನು ಹೋಗಲಿಲ್ಲ. ನನ್ನ ಕೈಬರಹ ಕಂಡರೆ ತಹಶೀಲ್ದಾರರೂ ಒಂದು ಗಳಿಗೆ ಕಣ್ಣು ನಿಲ್ಲಿಸುತ್ತಾರೆ. ಜಂಬ ಅನ್ನಿ, ಬೇಕಾದರೆ. ಈಗ ಹೇಳುವ ಸಂಗತಿಯಲ್ಲಿ ನಾನು ಜಂಬ ಪಡುವಂಥದ್ದು ಬೇರೇನೂ ಇಲ್ಲ.

ನಾವು ಕಂಬಂ ಕಣಿವೆಯ ಕನ್ನಡದವರು. ಯಾವ ಕಾಲದಲ್ಲಿ ಇಲ್ಲಿಗೆ ಬಂದೆವೋ ದೇವರೇ ಬಲ್ಲ. ಮನೆಯಲ್ಲಿ ಕನ್ನಡ, ಬೀದಿಗಿಳಿದರೆ ತಮಿಳು. ನಮ್ಮ ಕನ್ನಡ ಬರೀ ಬಾಯಿಮಾತಿನದು, ಓದುಬರಹವೆಲ್ಲ ತಮಿಳಿನಲ್ಲೇ. ಈ ಕನ್ನಡ ಅಕ್ಷರಗಳನ್ನು ನಾನು ಮೂವತ್ತು ದಾಟಿದ ಮೇಲೆ ಹಠಕ್ಕೆ ಬಿದ್ದು ಕಲಿತೆ. ನಮ್ಮ ಮನೆಯಲ್ಲಿ ಇದನ್ನು ಓದಬಲ್ಲವರು ಇನ್ನೊಬ್ಬರಿಲ್ಲ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕಳೆದ ನವೆಂಬರಿನ ಒಂದು ಸೋಮವಾರ. ಸೋಮವಾರ ಅಂದರೆ ಕಲೆಕ್ಟರ್ ಅರ್ಜಿ ತೆಗೆದುಕೊಳ್ಳುವ ದಿನ, ನನಗೆ ತಲೆ ಕೆರೆದುಕೊಳ್ಳಲೂ ಪುರಸೊತ್ತಿರುವುದಿಲ್ಲ. ಅಂಥ ಹೊತ್ತಿನಲ್ಲಿ ನನ್ನ ತಂಗಿ ಮಣಿಮೇಗಲೈ ಬಂದು ನಿಂತಳು. ಪಕ್ಕದಲ್ಲಿ ಅವಳ ಮಗಳು ಗೋಮತಿ, ಯೂನಿಫಾರ್ಮಿನಲ್ಲೇ. ಕಂಬಂನಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದರಂತೆ. ಹುಡುಗಿ ಹತ್ತನೇ ಕ್ಲಾಸು, ಶಾಲೆಯಿರುವ ದಿನ ಇಲ್ಲೇಕೆ ಬಂದಳು ಎಂದು ಪೆನ್ನು ಕೆಳಗಿಟ್ಟೆ.

“ಅಣ್ಣಾ, ಒಂದು ಕಾಗದ ಬರೀಬೇಕು,” ಅಂದಳು ಮಣಿ.

“ಬರೆಯೋಣ ಕಣಮ್ಮ. ಮೊದಲು ಕೂತ್ಕೋ, ನೀರು ಕುಡಿ.”

“ಕೂರಾಕೆ ಹೊತ್ತಿಲ್ಲ. ಪಳ್ಳಿಕೂಡದಾಗೆ ಇವಳ ಹೆಸರು ತೆಗೀತಾರಂತೆ.”

ಅಷ್ಟರಲ್ಲಿ ಪಿಂಚಣಿ ಅರ್ಜಿಯ ಮುದುಕರು ಗೊಣಗತೊಡಗಿದರು. “ಇರ್ರಯ್ಯಾ, ನನ್ನ ತಂಗಿ!” ಎಂದು ಗದರಿ, ಅವರನ್ನು ಜೆರಾಕ್ಸ್ ಅಂಗಡಿಯ ಬೆಂಚಿಗೆ ಅಟ್ಟಿದೆ.

ಮಣಿ ಹೇಳಿದ್ದು ಇಷ್ಟು. ಗೋಮತಿ ಅರ್ಧವಾರ್ಷಿಕಕ್ಕೆ ಮುಂಚಿನ ಎಲ್ಲ ಪರೀಕ್ಷೆಯಲ್ಲೂ ಫೇಲು. ಶಾಲೆಗೆ ನೂರಕ್ಕೆ ನೂರು ಫಲಿತಾಂಶ ಬೇಕು. ಹೆಡ್‌ಮಾಸ್ಟರ್ ಕರೆಸಿ, ‘ಟಿ.ಸಿ. ತೊಗೊಳ್ಳಿ, ಮುಂದಿನ ವರ್ಷ ಪ್ರೈವೇಟಾಗಿ ಕಟ್ಟಲಿ, ಅಲ್ಲಿವರೆಗೆ ಹೊಲಿಗೆ ಕಲೀಲಿ’ ಅಂದಿದ್ದಾರೆ. ಆದರೆ ಈ ವರ್ಷ ಶಾಲೆಗೆ ವಾರಕ್ಕೊಮ್ಮೆ ಬರುವ ಪಾಂಡೀಶ್ವರಿ ಅನ್ನುವ ವಿಶೇಷ ಶಿಕ್ಷಕಿ ಹುಡುಗಿಯನ್ನು ಕೂರಿಸಿಕೊಂಡು ಮಾತಾಡಿಸಿದ್ದಾಳೆ. ವಿಜ್ಞಾನದ ಪಾಠವನ್ನು ಗೋಮತಿ ಬಾಯಲ್ಲಿ ಗಡಗಡ ಹೇಳಿದಳಂತೆ, ಅದನ್ನೇ ಪುಸ್ತಕ ತೆಗೆದು ಓದು ಅಂದರೆ ಒಂದು ಸಾಲಿಗೆ ಮೂರು ನಿಮಿಷ ಹಿಡಿಯಿತಂತೆ. ‘ಇವಳಿಗೆ ಬುದ್ಧಿ ಕಡಿಮೆಯಿಲ್ಲ, ಅಕ್ಷರ ಹಿಡಿಯೋ ತೊಂದರೆ ಇದೆ. ಆಸ್ಪತ್ರೆಯಲ್ಲಿ ತಪಾಸಣೆ ಆಗಿ ಸರ್ಟಿಫಿಕೇಟ್ ಬಂದರೆ, ಪಬ್ಲಿಕ್ ಪರೀಕ್ಷೆಯಲ್ಲಿ ಇವಳು ಬಾಯಲ್ಲಿ ಹೇಳಬಹುದು, ಇನ್ನೊಬ್ಬರು ಬರೀತಾರೆ. ತಪಾಸಣೆ ಮಾಡಿಸಿ ಅಂತ ಹೆತ್ತವರು ಶಾಲೆಗೆ ಕಾಗದ ಕೊಡಬೇಕು. ಹತ್ತು ದಿನದೊಳಗೆ ಕೊಡಬೇಕು’ ಅಂದಳಂತೆ ಪಾಂಡೀಶ್ವರಿ.

“ಯಾವ ವಯಸ್ಸಿಂದ ಹಿಂಗೈತೆ, ಏನೇನು ಓದಾಕೆ ಆಗಾಂಗಿಲ್ಲ, ಎಲ್ಲಾ ಬಿಡಿಸಿ ಬರೀಬೇಕಂತೆ ಅಣ್ಣಾ. ಕಾರಣ ಬರೀಬೇಡಿ, ಕಾರಣ ಡಾಕ್ಟರು ಹೇಳ್ತಾರೆ ಅಂದ್ಲು.”

“ಕಾರಣ ಬರೆಯದ ಮನು ಉಂಟೇನೇ?” ಎಂದು ನಕ್ಕೆ. “ನನಗೇ ಪಾಠ ಹೇಳ್ತಾಳಾ ಅವಳು?”

ನಕ್ಕೆನೇನೋ ನಿಜ, ಆದರೆ ಪೆನ್ನಿನ ಮುಚ್ಚಳ ತೆಗೆದ ಕೈ ಅಲ್ಲೇ ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಶಾಲೆಗೆ, ಇದೇ ಹುಡುಗಿಯ ವಿಷಯವಾಗಿ, ನಾನು ಮೊದಲೇ ಒಂದು ಕಾಗದ ಬರೆದಿದ್ದೆ.

ಗೋಮತಿ ಆಗ ಮೂರನೇ ಕ್ಲಾಸು. ಆಗಿನ ಟೀಚರ್ ನಾಗಮ್ಮಾಳ್ ಒಂದು ಚೀಟಿ ಕಳಿಸಿದ್ದರು. ‘ಮಗು ಬಾಯಲ್ಲಿ ಎಲ್ಲಾ ಹೇಳುತ್ತದೆ, ಓದಲು ಬರೆಯಲು ಆಗುತ್ತಿಲ್ಲ, ತಪಾಸಣೆ ಮಾಡಿಸುವುದು ಒಳ್ಳೆಯದು, ಬೇಕೆಂದರೆ ಬೇಕೆಂದು, ಬೇಡವೆಂದರೆ ಬೇಡವೆಂದು ಬರೆದುಕೊಡಿ’ ಎಂದಿತ್ತು ಅದರಲ್ಲಿ. ಮಣಿ ಓದಿದ್ದು ಐದನೇ ಕ್ಲಾಸು, ಬಸ್ಸಿನ ಬೋರ್ಡು ಕೂಡಿಸಿ ಓದುತ್ತಾಳೆ. ಮನೆಗೆ ಯಾವ ಕಾಗದ ಬಂದರೂ ನನ್ನ ಮೇಜಿಗೇ ತರುತ್ತಿದ್ದಳು. ನಾನು ಚೀಟಿಯ ಮೊದಲರ್ಧ ಓದಿ ಹೇಳಿದೆ, ಉಳಿದರ್ಧ ಹೇಳಲಿಲ್ಲ. ‘ಮನೆಯಲ್ಲಿ ಕನ್ನಡ ಆಡ್ತೀರಿ, ಅದಕ್ಕೇ ತಮಿಳು ಅಕ್ಷರ ಹತ್ತಲ್ಲ. ಇವತ್ತಿಂದ ಆ ಮಗು ಹತ್ತಿರ ಯಾರೂ ಕನ್ನಡ ಆಡಕೂಡದು’ ಎಂದು ತೀರ್ಪು ಕೊಟ್ಟೆ. ತಪಾಸಣೆ ಬೇಡವೆಂದು ಮಣಿಯ ಹೆಸರಿನಲ್ಲಿ ಚಂದವಾಗಿ ಬರೆದು, ಸಹಿಗೆ ಜಾಗ ತೋರಿಸಿದೆ. ನಂಬಿದ ತಂಗಿ ಏನೆಂದು ಕೇಳದೆ ಸಹಿ ಹಾಕಿದಳು.

ಯಾಕೆ ಹಾಗೆ ಮಾಡಿದೆ? ಮನೆಮಾತಿನ ಕಾರಣವನ್ನು ನಾನು ನಂಬಿದ್ದೆ, ಅದು ಸುಳ್ಳಲ್ಲ. ನಮ್ಮ ಮಕ್ಕಳು ಶಾಲೆಯಲ್ಲಿ ತಡವರಿಸಿದರೆ ಮೇಷ್ಟರೂ ಅದನ್ನೇ ಹೇಳುತ್ತಿದ್ದರು, ನಾವೂ ಅದನ್ನೇ ಹೇಳಿಕೊಳ್ಳುತ್ತಿದ್ದೆವು. ಆದರೆ ಇನ್ನೊಂದು ಕಾರಣವೂ ಇತ್ತು. ನನ್ನ ಮಗ ವಿಘ್ನೇಶ್ವರನ್ ಗೋಮತಿಗಿಂತ ಐದು ವರ್ಷ ದೊಡ್ಡವನು. ತೊಟ್ಟಿಲಲ್ಲಿದ್ದಾಗಿನಿಂದ ಎಲ್ಲರೂ ಅವಳನ್ನು ನಮ್ಮ ಮನೆ ಸೊಸೆ ಅಂತಲೇ ಚೇಷ್ಟೆ ಮಾಡುತ್ತಿದ್ದರು. ಸೋದರಮಾವನ ಮಗನಿಗೆ ಮೊದಲ ಹಕ್ಕು, ನಮ್ಮಲ್ಲಿ ಅದು ಇವತ್ತಿಗೂ ಬಾಯಲ್ಲಿ ಉಳಿದಿದೆ. ಸೊಸೆಯಾಗುವವಳ ಹೆಸರಿನಲ್ಲಿ ಆಸ್ಪತ್ರೆಯ ಮುದ್ರೆ ಬಿದ್ದ ಕಾಗದವೊಂದು ಇರಬಾರದು ಎಂದು ನನ್ನ ಮನಸ್ಸು ಅಂದಿತು. ಅದನ್ನು ಯಾರಿಗೂ ಹೇಳಲಿಲ್ಲ, ನನಗೆ ನಾನೇ ಕೂಡ ಜೋರಾಗಿ ಹೇಳಿಕೊಳ್ಳಲಿಲ್ಲ.

ಈಗ, ಸೋಮವಾರದ ಗದ್ದಲದಲ್ಲಿ, ತಂಗಿಯ ಮುಖ ನೋಡುತ್ತಾ ಕೂತಿದ್ದೇನೆ. ಹೇಳಿಬಿಡಬಹುದಿತ್ತು. ಏಳು ವರ್ಷದ ಹಳೇ ಕಾಗದ, ಗೆದ್ದಲು ತಿಂದಿರುತ್ತದೆ ಬಿಡು ಎಂದುಕೊಂಡೆ. ಒಂದು ವೇಳೆ ಇದ್ದರೆ? ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ: ಹೊಸ ಕಾಗದ ಹಳೇ ಕಾಗದಕ್ಕೆ ಎದುರಾಗಿ ನಿಲ್ಲಬಾರದು. ಎರಡು ಕಾಗದ ಎರಡು ಮಾತಾಡಿದರೆ ಅಧಿಕಾರಿ ಎರಡನ್ನೂ ಬಿಸಾಡುತ್ತಾನೆ. ಹಾಗಾಗಿ ಪಾಂಡೀಶ್ವರಿ ಬೇಡವೆಂದ ಕಾರಣವನ್ನೇ ಮೊದಲ ಪುಟದಲ್ಲಿ ಬರೆದೆ. ‘ನಮ್ಮ ಮನೆಮಾತು ಕನ್ನಡವಾದ ಕಾರಣ ನನ್ನ ಮಗಳಿಗೆ ತಮಿಳು ಓದುವುದು ಕಷ್ಟವಾಗಿದೆ, ಆದ್ದರಿಂದ ದಯವಿಟ್ಟು ತಪಾಸಣೆಗೆ ಶಿಫಾರಸು ಮಾಡಬೇಕು.’ ಮೇಲಿಂದ ಬೇಡಿಕೆ, ವಿನಂತಿ, ಕಣ್ಣೀರು, ಎಲ್ಲ ಸೇರಿ ಮೂರು ಪುಟ.

“ಅವಳಿಗೆ ಏನಾಗ್ತದೆ ಅಂತ ಅವಳನ್ನೇ ಕೇಳಾಂಗಿಲ್ಲವಾ?” ಅಂದಳು ಮಣಿ.

“ಮಕ್ಕಳಿಗೇನು ಗೊತ್ತಾಗ್ತದೆ? ಸಹಿ ಹಾಕು.”

ಗೋಮತಿ ನನ್ನ ಪೆನ್ನನ್ನೇ ನೋಡುತ್ತಿದ್ದಳು.

ಮಾರನೆಯ ದಿನ ನಾನೂ ಅವರ ಜೊತೆ ಶಾಲೆಗೆ ಹೋದೆ. ಹೆಡ್‌ಮಾಸ್ಟರ್ ಕೆಟ್ಟವರಲ್ಲ. ಎದುರಿಗೆ ಕೂರಿಸಿ ಟೀ ತರಿಸಿದರು. ಕಾಗದ ಓದಿದರು, ಬರಹ ಮೆಚ್ಚಿದರು. ಆಮೇಲೆ ಕ್ಲರ್ಕನ್ನು ಕರೆದು ಗೋಮತಿಯ ಫೈಲು ತರಿಸಿದರು. ನೀಲಿ ರಟ್ಟಿನ ಫೈಲು, ಟ್ಯಾಗು ಹಾಕಿ ಒಂದನೇ ಕ್ಲಾಸಿನಿಂದ ಎಲ್ಲವನ್ನೂ ಜೋಡಿಸಿಟ್ಟಿದ್ದರು. ನಾನು ಟೀ ಲೋಟ ಕೆಳಗಿಟ್ಟೆ.

“ನಾನು ಈ ಸ್ಕೂಲಿಗೆ ಬಂದು ಎರಡು ವರ್ಷ. ಅದಕ್ಕೇ ನಿನ್ನೆ ಹಳೇದೆಲ್ಲ ನೋಡಿದೆ,” ಎಂದರು ತಮಿಳಿನಲ್ಲಿ. “ಮೂರನೇ ಕ್ಲಾಸಲ್ಲೇ ಟೀಚರ್ ತಪಾಸಣೆಗೆ ಹೇಳಿದ್ದಾರೆ. ಬೇಡ ಅಂತ ಬರೆದುಕೊಟ್ಟವರು ನೀವೇ ತಾನೆ ಅಮ್ಮಾ?”

“ನಾನಾ?” ಎಂದಳು ಮಣಿ. “ಇಲ್ಲವಲ್ಲ ಸಾರ್.”

ಅವರು ಫೈಲು ತಿರುಗಿಸಿ ಓದಿದರು. ನನ್ನ ಮಾತುಗಳು, ನನ್ನ ಅಕ್ಷರ. ‘ನನ್ನ ಮಗಳಿಗೆ ಯಾವ ವಿಧವಾದ ತಪಾಸಣೆಯೂ ಅಗತ್ಯವಿಲ್ಲವೆಂದು ಪೂರ್ಣ ಮನಸ್ಸಿನಿಂದ ತಿಳಿಸುತ್ತೇನೆ. ಮನೆಮಾತು ಕನ್ನಡವಾದ್ದರಿಂದ ಉಂಟಾದ ತೊಂದರೆಯೇ ಹೊರತು ಬೇರೇನೂ ಅಲ್ಲ. ಮುಂದೆ ಈ ವಿಷಯವಾಗಿ ನಮ್ಮನ್ನು ಕೇಳದಿರಲು ಕೋರುತ್ತೇನೆ.’

ಮಣಿ ಎದ್ದು ಹೋಗಿ ಆ ಹಾಳೆಯ ಮೇಲೆ ಬಗ್ಗಿದಳು. ಸಹಿಯ ಮೇಲೆ ಬೆರಳಿಟ್ಟಳು. ಆಮೇಲೆ ಮೇಲಿನ ಅಕ್ಷರಗಳನ್ನು ನೋಡಿದಳು, ಆಮೇಲೆ ನನ್ನನ್ನು. ಹೆಡ್‌ಮಾಸ್ಟರ್‌ಗೆ ಏನೂ ಅರ್ಥವಾಗಲಿಲ್ಲ, ಪಾಪ.

“ಹಳೇ ಕಾಗದದಲ್ಲೂ ಭಾಷೆಯ ತೊಂದರೆ ಅಂದಿದ್ದೀರಿ, ಹೊಸದರಲ್ಲೂ ಅದನ್ನೇ ಅಂದಿದ್ದೀರಿ,” ಎಂದರು. “ಭಾಷೆ ಬಾರದ್ದಕ್ಕೆ ಡಾಕ್ಟರ್ ಏನು ಮಾಡ್ತಾರೆ? ಇದನ್ನ ನಾನು ಮೇಲಕ್ಕೆ ಕಳಿಸಿದರೆ ನನ್ನನ್ನೇ ಕೇಳ್ತಾರೆ. ಟಿ.ಸಿ. ವಿಷಯ ಶುಕ್ರವಾರದೊಳಗೆ ಹೇಳಿ.”

ನಾನು ಬಾಯಿ ತೆರೆಯಬೇಕಾದ ಜಾಗ ಅದೇ. ಕಲೆಕ್ಟರ್ ಎದುರು ಹತ್ತು ಹಳ್ಳಿಯ ಪರವಾಗಿ ಮಾತಾಡಿದವನು, ತಂಗಿಯ ಮಗಳ ಪರವಾಗಿ ಒಂದು ಮಾತು ಹೇಳಲಾರದೆ ಕೈಮುಗಿದು ಹೊರಗೆ ಬಂದೆ.

ಬಸ್‌ ಸ್ಟಾಪಿನ ತಗಡಿನ ನೆರಳಿನಲ್ಲಿ ಮಣಿ ನಿಂತಳು. ಅವಳ ಧ್ವನಿ ಏರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

“ಬೇಡ ಅಂತ ಬರೆದು ನನ್ನ ಕೈಲೇ ಸಹಿ ಹಾಕಿಸ್ಕೊಂಡ್ಯಾ ಅಣ್ಣಾ?”

“ಮಣಿ, ಆವತ್ತು ನನಗೆ ಗೊತ್ತಿರಲಿಲ್ಲ…”

“ಟೀಚರ್ ಬರೆದಿದ್ದು ಪೂರಾ ಓದಿ ಹೇಳಿದ್ಯಾ ನನಗೆ?”

“ಇಲ್ಲ.”

“ಯಾಕೆ?”

ನಾನು ಬಸ್ಸು ಬರುವ ದಾರಿ ನೋಡಿದೆ. ಅವಳೇ ಹೇಳಿದಳು, “ವಿಘ್ನೇಶಂಗೆ ತಾನೆ? ನಿನ್ನ ಮಗಂಗೆ ತರೋ ಸೊಸೆಗೆ ಕಳಂಕ ಬರಬಾರ್ದು ಅಂತ ತಾನೆ?”

ನೋಡಿ, ತಂಗಿಯರಿಗೆ ಕಾಗದ ಓದಲು ಬಾರದಿರಬಹುದು, ಅಣ್ಣನನ್ನು ಓದಲು ಬರುತ್ತದೆ. ನಾನು ಹೌದೆಂದು ತಲೆಯಾಡಿಸಿದೆ. ವಿಘ್ನೇಶ್ವರನ್ ಈಗ ಕೊಯಮತ್ತೂರಿನಲ್ಲಿ ಪಂಪುಸೆಟ್ ಕಂಪನಿಯಲ್ಲಿದ್ದಾನೆ, ಅತ್ತೆ ಮಗಳು ಅಂದರೆ ‘ಅದು ನನ್ನ ತಂಗಿಯಪ್ಪಾ’ ಎಂದು ನಗುತ್ತಾನೆ. ಯಾವ ಮದುವೆಗಾಗಿ ನಾನು ಆ ಕಾಗದ ಬರೆದೆನೋ ಅದು ಎಂದೂ ಆಗುವುದಿರಲಿಲ್ಲ.

“ಅವಳಿಗೆ ಎಂಟು ವರ್ಷ ಕಣೋ!” ಎಂದಳು ಮಣಿ. ಆಗ ಮಾತ್ರ ಧ್ವನಿ ಒಡೆಯಿತು. “ಎಂಟು ವರ್ಷದ ಕೂಸಿಗೆ ಮದುವೆ ಲೆಕ್ಕ ಹಾಕ್ದಲ್ಲೋ! ಓದಾಕೆ ಬರಾಂಗಿಲ್ಲ ಅಂತ ಎಷ್ಟು ಹೊಡ್ದಿದೀನಿ ಗೊತ್ತಾ ಅವಳ? ಸೋಂಬೇರಿ ಅಂತ ಸೌಟು ಕಾಯಿಸಿ ತೋರಿಸಿದೀನಿ!”

ಬಸ್ಸು ಬಂತು. ಅವರಿಬ್ಬರೂ ಹತ್ತಿದರು. ನಾನೂ ಹಿಂದಿನ ಬಾಗಿಲಲ್ಲಿ ಹತ್ತಿದೆ. ಮಣಿ ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ.

ಅವರ ಮನೆ ದ್ರಾಕ್ಷಿ ಚಪ್ಪರಗಳ ನಡುವೆ. ಮಾರಿಮುತ್ತು, ನನ್ನ ಭಾವ, ತೋಟಕ್ಕೆ ಔಷಧಿ ಹೊಡೆಯಲು ಹೋಗಿದ್ದ. ಜಗುಲಿಯಲ್ಲಿ ಅವನ ತಾಯಿ ತಂಗಮ್ಮಾಳ್ ಸಣ್ಣೀರುಳ್ಳಿ ಸುಲಿಯುತ್ತಾ ಕೂತಿದ್ದಳು. ಅವಳು ನನ್ನ ತಂದೆಯ ತಂಗಿ, ನನಗೆ ಸೋದರತ್ತೆ. ಎಂಬತ್ತು ದಾಟಿದೆ. ಮಣಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಒಳಗೆ ಹೋದಳು. ಅತ್ತೆ ಬಯ್ಯುತ್ತಾಳೆಂದು ನಾನು ಕಾದೆ. ಬಯ್ದಿದ್ದರೆ ವಾಸಿಯಿತ್ತು.

“ಕಾಳೀ,” ಅಂದಳು, “ಆ ಕೂಸಿನ ಹತ್ರ ಕನ್ನಡ ಆಡಬೇಡ ಅಂದ್ಯಲ್ಲ ನೀನು?”

“ಹೂಂ ಅತ್ತೆ.”

“ಆಡಿಲ್ಲಪ್ಪ ನಾನು. ಏಳು ವರುಷ. ನಂಗೆ ತಮಿಳು ಸಂತೇಲಿ ಯಾಪಾರ ಮಾಡಾಕೆ ಬತ್ತದೆ, ಮೊಮ್ಮಗಳಿಗೆ ಕತೆ ಹೇಳಾಕೆ ಬರಾಂಗಿಲ್ಲ. ಅವಳು ಪಕ್ಕದಾಗೆ ಬಂದು ಮಲ್ಕೊಳ್ಳೋಳು, ಹೇಳು ಪಾಟಿ ಅನ್ನೋಳು. ನನ್ನ ಮಾತು ಇವಳ ಓದು ಕೆಡಿಸ್ತದೆ ಅಂತ ನಾನು ಗೋಡೆ ಕಡೆ ತಿರುಗ್ಕೊಳ್ಳೋಳು. ಆಮ್ಯಾಕೆ ಬರೋದ್ನೇ ಬಿಟ್ಲು.” ಇನ್ನೊಂದು ಈರುಳ್ಳಿ ತೆಗೆದುಕೊಂಡಳು. “ನೀನು ಓದ್ದೋನು ಅಂತ ನಂಬ್ದೆ.”

ಅಯ್ಯೋ ಎಂದು ಅಲ್ಲೇ ಕೂತುಬಿಟ್ಟೆ. ನನಗೆ ಅಳು ಬಂತು, ಮುಚ್ಚಿಡಲೂ ಇಲ್ಲ. ಅತ್ತೆ ನನ್ನನ್ನು ಸಮಾಧಾನ ಮಾಡಲಿಲ್ಲ. ಈರುಳ್ಳಿಯ ಮೊರವನ್ನು ನನ್ನ ಕಡೆಗೆ ತಳ್ಳಿದಳು, ನಾನೂ ಸುಲಿಯತೊಡಗಿದೆ.

ಸ್ವಲ್ಪ ಹೊತ್ತಿಗೆ ಮಣಿ ಹೊರಗೆ ಬಂದಳು. ಕೈಯಲ್ಲಿ ಗೋಮತಿಯ ನೋಟ್‌ಬುಕ್ಕಿನಿಂದ ಹರಿದ ಹಾಳೆಗಳು, ಒಂದು ಪೆನ್ನು. ಜಗುಲಿಯ ಇನ್ನೊಂದು ಮೂಲೆಯಲ್ಲಿ ಕೂತು ಮಗಳನ್ನು ಎದುರಿಗೆ ಕೂರಿಸಿಕೊಂಡಳು.

“ನಾನು ಬರೀತೀನಿ,” ಅಂದಳು.

“ಕೊಡೇ, ನೀ ಹೇಳು, ನಾನು ಹೇಳಿದ ಹಾಗೇ…”

“ನೀ ಕೈ ಹಾಕ್ಬೇಡ.”

ಐದನೇ ಕ್ಲಾಸು ಬಿಟ್ಟ ಮೇಲೆ ಮಣಿ ಸಹಿಯಲ್ಲದೆ ಬೇರೇನೂ ಬರೆದವಳಲ್ಲ. ಒಂದೊಂದು ಅಕ್ಷರಕ್ಕೂ ತುಟಿ ಅಲ್ಲಾಡಿಸುತ್ತಾ, ಪೆನ್ನನ್ನು ಕುಡುಗೋಲು ಹಿಡಿದ ಹಾಗೆ ಹಿಡಿದು ಬರೆದಳು. ಗೋಮತಿ ತಮಿಳಿನಲ್ಲಿ ಹೇಳುತ್ತಾ ಹೋದಳು. ಆ ಹುಡುಗಿ ಅಷ್ಟು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ಬೋರ್ಡು ನೋಡಿ ಬರೆಯೋವಾಗ, ಒಂದು ಪದ ನೋಡಿ ನೋಟ್‌ಬುಕ್ಕಿಗೆ ಬಗ್ಗೋದರೊಳಗೆ ಹೋಗಿಬಿಡುತ್ತೆ ಅಂತ ಬರಿ. ಮತ್ತೆ ತಲೆ ಎತ್ತಿದರೆ ಯಾವ ಸಾಲು ಅಂತ ಸಿಗಲ್ಲ. ಆಮೇಲೆ ಅಮ್ಮ, ಇದನ್ನೂ ಬರಿ. ಪಕ್ಕದವಳು ಮೊದಲು ಓದುತ್ತಾಳೆ, ನಾನು ಕೇಳಿ ಬಾಯಿಪಾಠ ಮಾಡ್ಕೊಂಡು ನನ್ನ ಸರದಿಗೆ ಪುಸ್ತಕ ನೋಡೋ ಹಾಗೆ ಹೇಳಿಬಿಡ್ತೀನಿ. ಆರನೇ ಕ್ಲಾಸಿನ ತನಕ ಯಾರಿಗೂ ಗೊತ್ತಾಗಲಿಲ್ಲ. ಸರದಿ ತಪ್ಪಿಸಿ ನನ್ನನ್ನೇ ಮೊದಲು ಎಬ್ಬಿಸಿದರೆ ಹೊಟ್ಟೆನೋವು ಅಂತೀನಿ.”

“ಹೊಟ್ಟೆನೋವು ಸುಳ್ಳಾ?” ಎಂದಳು ಮಣಿ ಪೆನ್ನು ನಿಲ್ಲಿಸಿ. “ಎಷ್ಟು ಆಸ್ಪತ್ರೆ ಸುತ್ತಿದೀವಿ!”

“ಮೊದಲು ಸುಳ್ಳು. ಆಮೇಲೆ ನಿಜವಾಗಿ ಬರೋಕೆ ಶುರುವಾಯ್ತು.”

ಮಣಿ ಅದನ್ನೂ ಬರೆದಳು. ಮೂಗು ಸೊರಸೊರ ಎನ್ನುತ್ತಿತ್ತು, ಸೆರಗಿನಲ್ಲಿ ಒರೆಸಿಕೊಂಡು ಬರೆದಳು. ‘ನಾನು ಹೊಡೆದಿದ್ದೇನೆ’ ಎಂಬ ಸಾಲನ್ನು ತಾನಾಗಿಯೇ ಸೇರಿಸಿದಳು. ಗೋಮತಿ “ಅದು ಬೇಡಮ್ಮ” ಅಂದಳು. “ಇರಲಿ, ನಡೆದಿದ್ದು ತಾನೆ,” ಅಂದಳು ಇವಳು. ದೂರದಿಂದಲೇ ನನಗೆ ತಪ್ಪುಗಳು ಕಾಣುತ್ತಿದ್ದವು. ದೀರ್ಘವಿಲ್ಲ, ಅಕ್ಷರದ ಮೇಲಿನ ಚುಕ್ಕಿಯಿಲ್ಲ, ‘ಮಾನ್ಯರೇ’ ಅಂತಲೂ ಇಲ್ಲ. ಬೆರಳು ತುರಿಸುತ್ತಿತ್ತು. ಈರುಳ್ಳಿ ಸುಲಿದೆ.

ಸಂಜೆ ಪಾಂಡೀಶ್ವರಿ ಫೋನ್ ಮಾಡಿದಳು. ಮಣಿ ಸ್ಪೀಕರ್ ಹಾಕಿ ತನ್ನ ಕಾಗದವನ್ನು ತಡವರಿಸುತ್ತಾ ಓದಿದಳು. ಆಮೇಲೆ ಪಾಂಡೀಶ್ವರಿ, “ಇದು ಸಾಕಮ್ಮಾ, ಇದಕ್ಕಿಂತ ಚೆನ್ನಾಗಿ ಯಾರಿಗೂ ಬರೆಯೋಕಾಗಲ್ಲ,” ಅಂದಳು. “ಆದರೆ ಹಳೇ ಕಾಗದ ಫೈಲಿನಲ್ಲಿ ಹಾಗೇ ಇದ್ದರೆ ತೊಂದರೆ. ನೀವೇ ಬೇಡ ಅಂದಿರಿ ಅಂತ ಅದು ಹೇಳ್ತಾನೇ ಇರುತ್ತೆ. ಅದು ಹೇಗಾಯ್ತು ಅಂತ ಯಾರಾದರೂ ಬರೆದುಕೊಡಬೇಕು.”

ಮಣಿ ನನ್ನ ಕಡೆ ತಿರುಗಲಿಲ್ಲ. ಅದು ನನಗೆ ಬಿಟ್ಟ ಮಾತು.

ಇಂಥ ಕಾಗದ ಎಂದರೇನೆಂದು ನನಗೆ ಗೊತ್ತಿತ್ತು. ಓದು ಬಾರದವಳಿಗೆ ಪೂರ್ತಿ ಓದಿ ಹೇಳದೆ ಸಹಿ ಹಾಕಿಸಿಕೊಂಡೆ ಎಂದು ಒಬ್ಬ ಮನು ಬರೆಯುವವನು ತನ್ನ ಕೈಯಾರೆ ಬರೆದುಕೊಟ್ಟರೆ, ಅದು ಯಾರ ಕೈಗಾದರೂ ಸಿಕ್ಕ ದಿನ ಅವನ ಮೇಜು ಬೀದಿಗೆ. ಜನ ನನ್ನ ಹತ್ತಿರ ಬರುವುದೇ ನಾನು ಓದಿ ಹೇಳಿದ್ದನ್ನು ನಂಬಿ. ಅತ್ತ ದರಿ, ಇತ್ತ ಪುಲಿ. ಒಂದು ಹಾಳೆ ಕೇಳಿದೆ. ಗೋಮತಿ ತಂದುಕೊಟ್ಟಳು.

‘ಈ ಶಾಲೆಯ ಫೈಲಿನಲ್ಲಿರುವ, ತಪಾಸಣೆ ಬೇಡವೆಂಬ ಕಾಗದ ಬರೆದವನು ನಾನು. ಟೀಚರ್ ಬರೆದದ್ದನ್ನು ನನ್ನ ತಂಗಿಗೆ ಪೂರ್ತಿ ಓದಿ ಹೇಳದೆ ಸಹಿ ಹಾಕಿಸಿದೆ. ಮನೆಮಾತು ಕನ್ನಡವಾದ್ದರಿಂದ ಮಗುವಿಗೆ ಓದು ಬರುವುದಿಲ್ಲ ಎಂದದ್ದು ನನ್ನ ಊಹೆ. ತಪ್ಪು ನನ್ನದು, ತಾಯಿಯದಲ್ಲ, ಮಗುವಿನದಲ್ಲ.’ ಕೆಳಗೆ ಹೆಸರು, ವಿಳಾಸ, ಸಹಿ. ನಾಲ್ಕು ಸಾಲಿಗೆ ಒಂದು ಗಂಟೆ ಹಿಡಿಯಿತು.

ಮರುದಿನ ಹೆಡ್‌ಮಾಸ್ಟರ್ ಎರಡನ್ನೂ ಓದಿದರು. ನನ್ನದನ್ನು ಮೊದಲು ಓದಿ, ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿ ಪಕ್ಕಕ್ಕಿಟ್ಟರು. ಮಣಿಯದನ್ನು ಓದುವಾಗ ಎರಡು ಸಲ ನಿಲ್ಲಿಸಿದರು. ಹೊಟ್ಟೆನೋವಿನ ಸಾಲು ಬಂದಿರಬೇಕು, ಬಾಗಿಲಲ್ಲಿ ನಿಂತ ಗೋಮತಿಯನ್ನು ನೋಡಿದರು.

“ನನ್ನ ಕ್ಲಾಸಲ್ಲೂ ಹೊಟ್ಟೆನೋವು ಅಂದಿದ್ದೆಯಲ್ಲಮ್ಮಾ,” ಎಂದರು.

“ಸಾರಿ ಸಾರ್.”

“ನೀನೇನಕ್ಕೆ ಸಾರಿ…” ಎಂದು ಏನೋ ಗೊಣಗಿ, ಕ್ಲರ್ಕನ ಕೈಯಿಂದ ಮುದ್ರೆ ತೆಗೆದುಕೊಂಡು ತಾವೇ ಒತ್ತಿದರು. ಮುದ್ರೆ ಬಿದ್ದ ನಕಲನ್ನು ಕೇಳಿ ತೆಗೆದುಕೋ ಎಂದು ನಾನು ಮಣಿಗೆ ಪಿಸುಗುಟ್ಟಿದೆ. ಅವಳು ಆಗಲೇ ಕೇಳಿಯಾಗಿತ್ತು.

ತಪಾಸಣೆ ಎರಡು ಬೆಳಿಗ್ಗೆ ನಡೆಯಿತು. ನಾನು ಮೇಜು ಬಿಟ್ಟು ಆಸ್ಪತ್ರೆಯ ಹೊರಗೆ ಕೂತಿದ್ದೆ. ಎರಡನೆಯ ದಿನ ಡಾಕ್ಟರಮ್ಮ ನಮ್ಮನ್ನು ಒಳಗೆ ಕರೆದರು. ಓದುವ, ಬರೆಯುವ ತೊಂದರೆ ಖಚಿತ ಎಂದರು. ಬುದ್ಧಿ ಅವಳ ವಯಸ್ಸಿನವರಿಗಿಂತ ಮೇಲೆಯೇ ಇದೆ ಎಂದರು. ಪರೀಕ್ಷೆಗೆ ಬರೆಯುವವರು ಒಬ್ಬರು ಬೇಕು, ಹೆಚ್ಚು ಹೊತ್ತು ಬೇಕು ಎಂದು ಸರ್ಟಿಫಿಕೇಟಿನಲ್ಲಿ ಬರೆಯುತ್ತೇನೆ ಎಂದರು. ಮಣಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

“ಮನೆಯಾಗೆ ನಾವು ಕನ್ನಡ ಆಡ್ತೀವಿ ಮೇಡಂ. ಅದಕ್ಕೆ ಹಿಂಗಾಯ್ತಾ?” ಎಂದು ಕೇಳಿದಳು, ತಮಿಳು ಕನ್ನಡ ಎರಡೂ ಕಲಸಿ.

“ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲಮ್ಮಾ. ಎರಡು ಮಾತು ಕಿವಿಗೆ ಬಿದ್ದರೆ ಮಗುವಿಗೆ ಒಳ್ಳೆಯದೇ.”

“ಮೊದ್ಲೇ ಬಂದಿದ್ರೆ?”

ಡಾಕ್ಟರಮ್ಮ ಕಾಗದಗಳನ್ನು ಜೋಡಿಸುತ್ತಾ ಹೇಳಿದರು, “ಎಂಟು ವರ್ಷಕ್ಕೆ ಬಂದಿದ್ದರೆ ಓದೋದನ್ನ ಬೇರೆ ಥರ ಕಲಿಸಬಹುದಿತ್ತು. ಈ ಹೊತ್ತಿಗೆ ತಾನೇ ಓದುತ್ತಿದ್ದಳೇನೋ. ಈಗಲೂ ಕಲಿಸಬಹುದು, ಆದರೆ ನಿಧಾನ. ಈ ಪರೀಕ್ಷೆಗಂತೂ ಆಗಲ್ಲ.”

ಎಂಟು ವರ್ಷ. ಅವರು ಅಂದಾಜಿಗೆ ಹೇಳಿದ ಮಾತು, ನನಗೆ ಮಾತ್ರ ತಾರೀಖು ಸಮೇತ ಗೊತ್ತಿತ್ತು.

ಆಸ್ಪತ್ರೆಯ ಎದುರಿನ ಟೀ ಅಂಗಡಿಯಲ್ಲಿ ಮೂವರೂ ಕೂತೆವು. ನಾನು ಉದ್ದಿನ ವಡೆ ಹೇಳಿದೆ. ಗೋಮತಿ ಎರಡು ತಿಂದಳು, ಹಸಿದಿದ್ದಳು ಪಾಪ. ಸರ್ಟಿಫಿಕೇಟು ಸಿಗುತ್ತದೆ, ಶಾಲೆಯಿಂದ ಹೆಸರು ತೆಗೆಯುವುದಿಲ್ಲ, ಹುಡುಗಿ ಪರೀಕ್ಷೆಗೆ ಕೂರುತ್ತಾಳೆ. ಅಷ್ಟಾಯಿತಲ್ಲ ಎಂದು ಮನಸ್ಸು ಸ್ವಲ್ಪ ಹಗುರಾಯಿತು. ಹಗುರಾದರೆ ನನ್ನ ನಾಲಿಗೆ ಸುಮ್ಮನಿರುತ್ತದೆಯೇ?

“ಬರೆಯೋರು ಒಬ್ಬರು ಬೇಕಂತಲ್ಲ ಕಣ್ಣೇ,” ಎಂದೆ. “ನಾನೇ ಬಂದು ಬರೀತೀನಿ ಅಂತ ಕೇಳ್ಲಾ? ನನ್ನ ಅಕ್ಷರ ನೋಡಿದ್ರೇ ಅರ್ಧ ಮಾರ್ಕು ಬೀಳ್ತದೆ.”

ತಮಾಷೆಗೆ ಅಂದದ್ದು. ಬರೆಯುವವರನ್ನು ಅವರೇ ಕೊಡುತ್ತಾರೆ, ಮಾವನನ್ನು ಯಾರು ಒಳಗೆ ಬಿಡುತ್ತಾರೆ? ಗೋಮತಿ ಲೋಟ ಕೆಳಗಿಟ್ಟು ಯೋಚಿಸಿದಳು. ಆಮೇಲೆ ಕನ್ನಡದಲ್ಲಿ, ಪದ ಹುಡುಕಿ ಹುಡುಕಿ, ಹೇಳಿದಳು. ಅವಳ ಬಾಯಲ್ಲಿ ನಾನು ಕನ್ನಡ ಕೇಳಿ ಏಳು ವರ್ಷವಾಗಿತ್ತು.

“ನೀ ಬೇಡ ಮಾಮ. ನಾನು ಹೇಳಿದ್ದ ನೀನು ಬರೆಯಾಂಗಿಲ್ಲ. ನಿನಗೆ ಬೇಕಾದ್ದ ಬರೀತೀಯ.”

ಕೋಪದಿಂದ ಹೇಳಲಿಲ್ಲ. ಲೆಕ್ಕದ ಉತ್ತರ ಹೇಳುವ ಹಾಗೆ ಹೇಳಿದಳು. ನಾನು ಮಣಿಯ ಕಡೆ ನೋಡಿದೆ, ಹಾಗೆಲ್ಲ ಮಾಮನಿಗೆ ಅನ್ನಬಾರದು ಎಂದು ಗದರಲಿ ಎಂದು. ಮಣಿ ಗದರಲಿಲ್ಲ. ತನ್ನ ತಟ್ಟೆಯ ವಡೆಯನ್ನು ಮುರಿದು ಮಗಳ ತಟ್ಟೆಗೆ ಹಾಕಿದಳು.